ಅಂಗೈ ಗಣಕದ ಸಾಲಾವಳಿ

2000ನೇ ಇಸವಿಯ ಮೇ 2ರಂದು ಜಗತ್ತಿನ ಜಿಪಿಎಸ್ ರಿಸೀವರುಗಳೆಲ್ಲ ಇದ್ದಕ್ಕಿದ್ದಂತೆ ಚುರುಕಾದವು. ಉಪಗ್ರಹಗಳು ಅವೇ, ರಿಸೀವರುಗಳೂ ಅವೇ. ಜನಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಅಮೆರಿಕದ ಸೇನೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಧ್ಯಕ್ಷ ಬಿಲ್ ಕ್ಲಿಂಟನ್ ನಿಲ್ಲಿಸಲು ಹೇಳಿದ್ದರು, ಅಷ್ಟೆ. ಅಲ್ಲಿಯವರೆಗೆ ನೂರು ಮೀಟರಿನಷ್ಟು ಆಚೀಚೆ ಆಗುತ್ತಿದ್ದ ಲೆಕ್ಕ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ನೂರು ಮೀಟರ್ ತಪ್ಪಿದರೆ ಕಾರು ಯಾವ ಬೀದಿಯಲ್ಲಿದೆ ಎಂಬುದೇ ತಿಳಿಯದು. ಹದಿನೈದು ಮೀಟರ್ ತಪ್ಪಿದರೆ ‘ಮುಂದೆ ಎಡಕ್ಕೆ ತಿರುಗಿ’ ಎನ್ನಲು ಧೈರ್ಯ ಬರುತ್ತದೆ.

ಅದೇ ವರ್ಷ ಕಾಂಪ್ಯಾಕ್ ಕಂಪನಿಯ ‘ಐಪ್ಯಾಕ್’ ಮಾರುಕಟ್ಟೆಗೆ ಬಂತು. ಅಂಗೈಯಗಲದ ಬಣ್ಣದ ಪರದೆ, ಬರೆಯಲೊಂದು ಕಡ್ಡಿ, 206 ಮೆಗಾಹರ್ಟ್ಸ್ ಪ್ರೊಸೆಸರ್, 32 ಮೆಗಾಬೈಟ್ ಮೆಮೊರಿ. ವಿಳಾಸ, ಡೈರಿ, ಲೆಕ್ಕಪತ್ರಕ್ಕೆಂದು ಹುಟ್ಟಿದ ಇಂಥ ಗಣಕಗಳಿಗೆ ದಾರಿ ತೋರಿಸುವ ಕೆಲಸವೂ ಹೇಳಿ ಮಾಡಿಸಿದಂತಿತ್ತು. ಯುರೋಪಿನಲ್ಲಿ ಇದನ್ನು ಮೊದಲೇ ಊಹಿಸಿದ ಕೆಲವರಿದ್ದರು. 1991ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಪಾಮ್‌ಟಾಪ್’ ಎಂಬ ಹೆಸರಿನಲ್ಲಿ ಶುರುವಾಗಿ ಅಂಗೈ ಗಣಕಗಳಿಗೆ ತಂತ್ರಾಂಶ ಬರೆಯುತ್ತಿದ್ದ ಪುಟ್ಟ ಕಂಪನಿಯೇ ಮುಂದೆ ‘ಟಾಮ್‌ಟಾಮ್’ ಆಗಿ ಜಗತ್ತಿನ ಕಾರುಗಳೊಳಗೆ ಕುಳಿತಿತು.

ಇಂದು ಫೋನ್ ಕೊಂಡರೆ ದಾರಿ ತೋರಿಸುವ ಸರಂಜಾಮೆಲ್ಲ ಅದರೊಳಗೇ ಬರುತ್ತದೆ. ಆಗ ಹಾಗಿರಲಿಲ್ಲ. ಗಣಕ ಒಬ್ಬರದು, ಜಿಪಿಎಸ್ ರಿಸೀವರ್ ಇನ್ನೊಬ್ಬರದು, ತಂತ್ರಾಂಶ ಮತ್ತು ನಕ್ಷೆ ಮತ್ತೊಬ್ಬರದು. ಮೂರನ್ನೂ ಕೂಡಿಸುವ ಹೊಣೆ ಕೊಂಡವನದು. ಮದುವೆಗೆ ಸಾಲಾವಳಿ ನೋಡುವಾಗ 36ರಲ್ಲಿ 18 ಗುಣ ಕೂಡಿದರೆ ಜೋಯಿಸರು ಒಪ್ಪುತ್ತಾರೆ. ಇಲ್ಲಿ ಆ ರಿಯಾಯಿತಿ ಇಲ್ಲ. ಒಂದೇ ಒಂದು ಕೂಡದಿದ್ದರೂ ಪರದೆಯ ಮೇಲೆ ದಾರಿ ಮೂಡದು.

ಮೊದಲನೆಯದು ಪ್ರೊಸೆಸರ್. 2000ದಲ್ಲಿ ಮೈಕ್ರೋಸಾಫ್ಟಿನ ‘ಪಾಕೆಟ್ ಪಿಸಿ’ ಎಂಬ ಒಂದೇ ಹೆಸರಿನಡಿ ಮೂರು ಜಾತಿಯ ಯಂತ್ರಗಳಿದ್ದವು. ಐಪ್ಯಾಕಿನಲ್ಲಿ ಎಆರ್‌ಎಂ ಕುಲದ ಸ್ಟ್ರಾಂಗ್‌ಆರ್ಮ್, ಎಚ್‌ಪಿ ಜೊರ್ನಾಡಾದಲ್ಲಿ ಎಸ್‌ಎಚ್-3, ಕ್ಯಾಸಿಯೊ ಕ್ಯಾಸಿಯೋಪಿಯಾದಲ್ಲಿ ಎಂಐಪಿಎಸ್. ಪರದೆಯ ಮೇಲೆ ಮೂರೂ ಒಂದೇ ಥರ ಕಾಣುತ್ತಿದ್ದವು. ಆದರೆ ತಂತ್ರಾಂಶವೆಂದರೆ ಕೊನೆಗೆ ಪ್ರೊಸೆಸರಿಗೆ ಕೊಡುವ ಆಜ್ಞೆಗಳ ಸಾಲು. ಒಂದು ಕುಲದ ಆಜ್ಞೆ ಇನ್ನೊಂದಕ್ಕೆ ಅರ್ಥವಾಗದು. ಮುಂದಿನ ಆವೃತ್ತಿಯಾದ ಪಾಕೆಟ್ ಪಿಸಿ 2002ರಲ್ಲಿ ಎಆರ್‌ಎಂ ಮಾತ್ರ ಉಳಿಯಿತು. ಎದುರಾಳಿ ಪಾಮ್ ಕೂಡ 2002ರಲ್ಲಿ ತನ್ನ ಐದನೇ ಆವೃತ್ತಿಯೊಂದಿಗೆ ಮೋಟೊರೋಲಾದ ಹಳೆಯ ಚಿಪ್ ಬಿಟ್ಟು ಎಆರ್‌ಎಂಗೆ ಬಂತು. ಹಳೆಯ ಪ್ರೋಗ್ರಾಮುಗಳಿಗೆ ಹೊಸ ಯಂತ್ರದಲ್ಲೂ ಜಾಗ ಸಿಕ್ಕಿತು. ಹೊಸ ಚಿಪ್ಪಿಗೆಂದೇ ಬರೆದದ್ದು ಮಾತ್ರ ಹಳೆಯ ಯಂತ್ರಕ್ಕೆ ಹತ್ತಲಿಲ್ಲ.

ಚಿಪ್ ಒಂದೇ ಆದರೆ ಸಾಕೇ? ಅದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರಿನ ಎಂಜಿನಿಯರುಗಳೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕದಲ್ಲಿ ಇದ್ದದ್ದೂ ಐಪ್ಯಾಕಿನದೇ ಸ್ಟ್ರಾಂಗ್‌ಆರ್ಮ್, ಅದೇ 206 ಮೆಗಾಹರ್ಟ್ಸ್. ಆದರೆ ಸಿಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಪರದೆಗೆ ಚಿತ್ರ ಬರೆಯುವುದು, ಕಡತ ತೆರೆಯುವುದು, ಪೋರ್ಟಿನಿಂದ ಮಾಹಿತಿ ಓದುವುದು ಮುಂತಾದ ಪ್ರತಿಯೊಂದಕ್ಕೂ ತಂತ್ರಾಂಶ ಆಪರೇಟಿಂಗ್ ಸಿಸ್ಟಮ್ಮಿನ ಮೊರೆ ಹೋಗಬೇಕು. ಕೇಳುವ ರೀತಿ ಬೇರೆಯಾದರೆ ಚಿಪ್ ಒಂದೇ ಆಗಿದ್ದೂ ಪ್ರಯೋಜನವಿಲ್ಲ. ಐಪ್ಯಾಕಿಗೆಂದು ಬರೆದ ದಾರಿ ತಂತ್ರಾಂಶ ಸಿಂಪ್ಯೂಟರಿನಲ್ಲಿ ಓಡುವಂತಿರಲಿಲ್ಲ.

ಎರಡನೆಯದು ತಾಕತ್ತು. ದಾರಿ ಹುಡುಕುವ ಗಣಿತ ಹಳೆಯದು. ಡಚ್ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನವೇ ಇದರ ಬುನಾದಿ: ಹೊರಟ ಜಾಗದಿಂದ ಹತ್ತಿರದ ಕೂಡುರಸ್ತೆಗಳನ್ನು ಮೊದಲು, ದೂರದವನ್ನು ಆಮೇಲೆ, ದೂರವನ್ನು ಕೂಡಿಸುತ್ತ ಸಾಗುವುದು. 1968ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದಕ್ಕೆ ಒಂದು ಜಾಣತನ ಸೇರಿಸಿದರು: ಗುರಿಯ ದಿಕ್ಕಿನಲ್ಲಿರುವ ರಸ್ತೆಗಳಿಗೆ ಮೊದಲ ಆದ್ಯತೆ. ಹಾಗಿದ್ದೂ ಒಂದು ದೇಶದ ನಕ್ಷೆಯಲ್ಲಿ ಲಕ್ಷಗಟ್ಟಲೆ ಕೂಡುರಸ್ತೆಗಳು. ಅವೆಲ್ಲವನ್ನೂ 32 ಮೆಗಾಬೈಟಿನಲ್ಲಿ ಹರವಿಕೊಳ್ಳಲಾಗದು. ಸಾಲದ್ದಕ್ಕೆ ಸ್ಟ್ರಾಂಗ್‌ಆರ್ಮಿನಲ್ಲಿ ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆ ಪ್ರತ್ಯೇಕ ಯಂತ್ರಾಂಶ ಇರಲಿಲ್ಲ. ಅಂಥ ಲೆಕ್ಕವನ್ನು ತಂತ್ರಾಂಶವೇ ಸುತ್ತುಬಳಸಿ ಮಾಡಬೇಕು, ನಿಧಾನ. ಜಾಣ ತಂತ್ರಾಂಶಗಳು ಪೂರ್ಣಾಂಕಗಳಲ್ಲೇ ಲೆಕ್ಕ ಮುಗಿಸುತ್ತಿದ್ದವು. ದೂರದ ಪ್ರಯಾಣವಾದರೆ ಹೊರಡುವ ಊರಿನ, ಸೇರುವ ಊರಿನ ಬೀದಿಗಳನ್ನಷ್ಟೇ ನೋಡಿ ನಡುವಿನದಕ್ಕೆ ಹೆದ್ದಾರಿಗಳನ್ನು ಮಾತ್ರ ಪರಿಗಣಿಸುತ್ತಿದ್ದವು. ಒಂದೇ ಊರಿಗೆ ಎರಡು ತಂತ್ರಾಂಶ ಎರಡು ದಾರಿ ಹೇಳಲು ಇದೂ ಒಂದು ಕಾರಣ.

ಮೆಮೊರಿಯದು ಇನ್ನೊಂದು ಕಿತಾಪತಿ. ಆ ಕಾಲದ ಪಾಕೆಟ್ ಪಿಸಿಗಳು ಹಾಕಿದ ಪ್ರೋಗ್ರಾಮುಗಳನ್ನು ಮಾಮೂಲಾಗಿ ರ್‍ಯಾಮಿನಲ್ಲೇ ಇಡುತ್ತಿದ್ದವು. ಬ್ಯಾಟರಿ ಪೂರ್ತಿ ಬರಿದಾದರೆ ದಾರಿ ತಂತ್ರಾಂಶವೂ ಮಾಯ. 2005ರ ವಿಂಡೋಸ್ ಮೊಬೈಲ್ 5 ಬಂದ ಮೇಲಷ್ಟೇ ಈ ಕಾಟ ತಪ್ಪಿತು. ಈ ಕಾಟಕ್ಕೆ ಹೆದರಿಯೇ ನಕ್ಷೆಯನ್ನು ಮೆಮೊರಿ ಕಾರ್ಡಿನಲ್ಲಿಡುವುದು ರೂಢಿಯಾಗಿತ್ತು. ಕಾರ್ಡಿನಲ್ಲೂ ಹೊಂದಾಣಿಕೆಯ ಪ್ರಶ್ನೆ ಇತ್ತು: 2006ರ ಹೊತ್ತಿಗೆ ಬಂದ ಎಸ್‌ಡಿಎಚ್‌ಸಿ ಕಾರ್ಡು ನೋಡಲು ಹಳೆಯ ಎಸ್‌ಡಿ ಕಾರ್ಡಿನಂತೆಯೇ ಇದೆ, ಅದೇ ಕಿಂಡಿಗೆ ಸರಿಯಾಗಿ ಕೂರುತ್ತದೆ, ಆದರೆ ಹಳೆಯ ಯಂತ್ರಕ್ಕೆ ಅದನ್ನು ಓದಲು ಬರುವುದಿಲ್ಲ.

ಎಲ್ಲಕ್ಕಿಂತ ಸ್ವಾರಸ್ಯದ್ದು ಮೂರನೆಯದು, ರಿಸೀವರ್ ಮತ್ತು ತಂತ್ರಾಂಶದ ನಡುವಿನ ಮಾತುಕತೆ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಜಿಪಿಎಸ್ ಉಪಗ್ರಹಗಳು ತಮ್ಮ ಕಕ್ಷೆಯ ಮತ್ತು ಗಡಿಯಾರದ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್‌ಗಳಂತೆ ಬಿತ್ತರಿಸುತ್ತವೆ. ನಾಲ್ಕು ಉಪಗ್ರಹ ಸಿಕ್ಕರೆ ರಿಸೀವರ್ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ನಾಲ್ಕನೆಯದು ಬೇಕಾಗುವುದು ರಿಸೀವರಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು. ಈ ಉತ್ತರವನ್ನು ಅದು ಗಣಕಕ್ಕೆ ಹೇಳುವುದು ‘ಎನ್‌ಎಂಇಎ 0183’ ಎಂಬ ರೀತಿಯಲ್ಲಿ. ಅಮೆರಿಕದ ಹಡಗು ಉಪಕರಣಗಳ ಸಂಘ ರೂಪಿಸಿದ್ದು ಇದು. ಹಾಗಾಗಿಯೇ ನೆಲದ ಮೇಲಿನ ಕಾರಿನ ವೇಗವೂ ಅದರಲ್ಲಿ ನಾಟ್‌ಗಳಲ್ಲಿ ಬರುತ್ತದೆ. ಡಾಲರ್ ಚಿಹ್ನೆಯಿಂದ ಶುರುವಾಗುವ ಒಂದೊಂದು ಸಾಲಿನಲ್ಲಿ ಸಮಯ, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು, ಕೊನೆಗೆ ಸಾಲು ಕೆಟ್ಟಿಲ್ಲವೆಂದು ಪರೀಕ್ಷಿಸುವ ಎರಡು ಅಕ್ಷರ. ಈ ಸಾಲುಗಳು ಹರಿಯುವ ವೇಗ ಸೆಕೆಂಡಿಗೆ 4800 ಬಿಟ್. ಎರಡೂ ಕಡೆ ಈ ವೇಗ ಒಂದೇ ಇರದಿದ್ದರೆ ಬರುವುದೆಲ್ಲ ಕಲಸುಮೇಲೋಗರ.

ಈ ಸಾಲಿನಲ್ಲಿ ಒಂದು ಗುಂಡಿ ಇದೆ. ಅಕ್ಷಾಂಶದ ಡಿಗ್ರಿ ಮತ್ತು ನಿಮಿಷಗಳನ್ನು ಒಟ್ಟಿಗೆ ಅಂಟಿಸಿ ಬರೆಯುವುದು ಇಲ್ಲಿಯ ಪದ್ಧತಿ. ಬೆಂಗಳೂರಿನ 12 ಡಿಗ್ರಿ 58 ನಿಮಿಷ 1258 ಆಗುತ್ತದೆ. ರೇಖಾಂಶದ 77 ಡಿಗ್ರಿ 35 ನಿಮಿಷ 07735. ತಂತ್ರಾಂಶ ಅದನ್ನು 12.58 ಡಿಗ್ರಿ, 77.35 ಡಿಗ್ರಿ ಎಂದು ಓದಿಕೊಂಡರೆ? 58 ನಿಮಿಷವೆಂದರೆ 0.97 ಡಿಗ್ರಿ, 0.58 ಅಲ್ಲ. ಬೆಂಗಳೂರಿನ ನಡುವೆ ನಿಂತ ಕಾರು ಪರದೆಯ ಮೇಲೆ ಸುಮಾರು 50 ಕಿಲೋಮೀಟರ್ ಸರಿದು ಕನಕಪುರದ ಆಸುಪಾಸಿಗೆ ಹೋಗಿ ನಿಲ್ಲುತ್ತದೆ.

ರಿಸೀವರುಗಳಿಗೆ ತಮ್ಮದೇ ಒಳಭಾಷೆಯೂ ಇರುತ್ತಿತ್ತು. 2004ರಲ್ಲಿ ಬಂದ ಸರ್ಫ್‌ಸ್ಟಾರ್-3 ಎಂಬ ಚಿಪ್ ಮರಗಳ ನೆರಳಲ್ಲೂ ಎತ್ತರದ ಕಟ್ಟಡಗಳ ನಡುವೆಯೂ ಉಪಗ್ರಹಗಳನ್ನು ಹಿಡಿದು ಹೆಸರಾಯಿತು. ಸರ್ಫ್ ಚಿಪ್‌ಗಳು ಎನ್‌ಎಂಇಎ ಅಲ್ಲದೆ ಬೈನರಿ ರೀತಿಯಲ್ಲೂ ಮಾತಾಡಬಲ್ಲವು. ಯಾವುದೋ ಪ್ರೋಗ್ರಾಂ ಅದನ್ನು ಬೈನರಿಗೆ ತಿರುಗಿಸಿ ಹಾಗೇ ಬಿಟ್ಟರೆ ಎನ್‌ಎಂಇಎ ಮಾತ್ರ ಬಲ್ಲ ದಾರಿ ತಂತ್ರಾಂಶ ‘ಜಿಪಿಎಸ್ ಇಲ್ಲ’ ಎನ್ನುತ್ತ ಕೂರುತ್ತದೆ. ಬ್ಲೂಟೂತ್ ರಿಸೀವರಾದರೆ ಗಣಕ ಅದಕ್ಕೊಂದು ಕಾಲ್ಪನಿಕ ಸೀರಿಯಲ್ ಪೋರ್ಟ್ ಕಲ್ಪಿಸುತ್ತದೆ. ಆ ಪೋರ್ಟಿನ ಸಂಖ್ಯೆಯನ್ನೇ ತಂತ್ರಾಂಶಕ್ಕೂ ಹೇಳಬೇಕು. ಅದರಲ್ಲೂ ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ತೆರೆಯಬಲ್ಲದು. ವಿಂಡೋಸ್ ಮೊಬೈಲ್ 5 ನಡುವೆ ಒಬ್ಬ ಮಧ್ಯವರ್ತಿಯನ್ನು ತಂದಿತು: ರಿಸೀವರಿನ ಜೊತೆ ಆಪರೇಟಿಂಗ್ ಸಿಸ್ಟಂ ಮಾತಾಡುತ್ತದೆ, ಉಳಿದ ಪ್ರೋಗ್ರಾಮುಗಳು ಅದನ್ನು ಕೇಳುತ್ತವೆ. ಇಂದಿನ ಫೋನುಗಳದ್ದೂ ಇದೇ ಏರ್ಪಾಡು.

ನಾಲ್ಕನೆಯದು ನಕ್ಷೆ. ಟೆಲಿ ಅಟ್ಲಾಸ್, ನಾವ್‌ಟೆಕ್ ಎಂಬ ಎರಡು ಕಂಪನಿಗಳ ಅಳತೆಯೇ ಆಗ ಯುರೋಪ್ ಮತ್ತು ಅಮೆರಿಕದ ಬಹುತೇಕ ತಂತ್ರಾಂಶಗಳಿಗೆ ಮೂಲ. ಆದರೆ ಪ್ರತಿ ತಂತ್ರಾಂಶವೂ ಅದನ್ನು ತನ್ನದೇ ರೀತಿಯಲ್ಲಿ ಕುಗ್ಗಿಸಿ ಕಟ್ಟಿಕೊಳ್ಳುವುದರಿಂದ ಒಂದರ ನಕ್ಷೆ ಇನ್ನೊಂದಕ್ಕೆ ಬಾರದು. ನಕ್ಷೆ ಯಾವ ಭೂಮಿಯ ಮೇಲೆ ಬರೆದದ್ದು ಎಂಬ ಪ್ರಶ್ನೆಯೂ ಇದೆ. ಜಿಪಿಎಸ್ ಲೆಕ್ಕ ಹಾಕುವುದು ಡಬ್ಲ್ಯುಜಿಎಸ್-84 ಎಂಬ ಗೋಳದ ಮೇಲೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು 1830ರ ಎವರೆಸ್ಟ್ ಗೋಳದ ಮೇಲಿನವು. ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಹಾಗೇ ಗಣಕಕ್ಕೆ ತುಂಬಿದರೆ ರಿಸೀವರ್ ಎಷ್ಟೇ ನಿಖರವಾಗಿರಲಿ, ರಸ್ತೆಯಲ್ಲಿರುವ ನೀವು ನಕ್ಷೆಯಲ್ಲಿ ಪಕ್ಕದ ಗದ್ದೆಗೆ ಇಳಿದಿರುತ್ತೀರಿ.

ಹಳೆಯ ಅಂಗೈ ಗಣಕವನ್ನು ಇಂದು ಹೊರತೆಗೆದರೆ ಇನ್ನೊಂದು ತೊಡಕು ಕಾದಿದೆ. ಜಿಪಿಎಸ್ ಸಂಕೇತ ವಾರಗಳನ್ನು ಎಣಿಸುವುದು 10 ಬಿಟ್‌ಗಳಲ್ಲಿ. 1024 ವಾರ ತುಂಬಿದೊಡನೆ ಮತ್ತೆ ಸೊನ್ನೆ. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಇದಕ್ಕೆ ಸಿದ್ಧವಾಗಿರದ ರಿಸೀವರುಗಳು ಜಾಗ ಸರಿಯಾಗಿ ಹೇಳಿದರೂ ತಾರೀಖನ್ನು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಎಳೆಯುತ್ತವೆ.

ಇದೆಲ್ಲ ಮುಗಿದ ಕಾಲದ ಮಾತಲ್ಲ. ನಮ್ಮ ಇಸ್ರೊ ಕಟ್ಟಿದ ‘ನಾವಿಕ್’ ಉಪಗ್ರಹಗಳನ್ನೇ ನೋಡಿ. ಅವು ಮೊದಲಿಗೆ ಬಿತ್ತರಿಸಿದ್ದು 1176.45 ಮೆಗಾಹರ್ಟ್ಸ್‌ನ ಎಲ್5 ಮತ್ತು ಎಸ್ ಬ್ಯಾಂಡುಗಳಲ್ಲಿ. ಅಗ್ಗದ ಫೋನುಗಳ ರಿಸೀವರುಗಳು ಕೇಳುತ್ತಿದ್ದದ್ದು 1575.42 ಮೆಗಾಹರ್ಟ್ಸ್‌ನ ಎಲ್1 ಮಾತ್ರ. ಅಂಥ ಫೋನಿಗೆ ಯಾವ ಆ್ಯಪ್ ಹಾಕಿದರೂ ನಾವಿಕ್ ಬರುವುದಿಲ್ಲ. ಕೊನೆಗೆ ಇಸ್ರೊವೇ ಬಗ್ಗಿತು: 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಉಪಗ್ರಹಕ್ಕೆ ಎಲ್1 ಅನ್ನೂ ಸೇರಿಸಿತು.

ಹಾಗಾದರೆ ಆರಿಸುವ ಕ್ರಮ ಯಾವುದು? ಅಂಗಡಿಯಲ್ಲಿ ನಾವು ಮೊದಲು ಕೇಳುವುದು ‘ಯಾವ ತಂತ್ರಾಂಶ ಚೆನ್ನಾಗಿದೆ’ ಎಂದು. ನಿಜಕ್ಕೂ ಅದು ಕೊನೆಯ ಪ್ರಶ್ನೆ. ಬದಲಿಸಲಾಗದ್ದರಿಂದ ಶುರು ಮಾಡಬೇಕು. ಓಡಾಡುವ ಊರು ಬದಲಾಗದು. ಆದ್ದರಿಂದ ಆ ಊರಿನ ಬೀದಿಗಳು ಯಾವ ನಕ್ಷೆಯಲ್ಲಿ ಚೆನ್ನಾಗಿವೆ, ಅದು ವರ್ಷವರ್ಷ ತಿದ್ದುಪಡಿಯಾಗುತ್ತದೆಯೇ ಎಂಬುದು ಮೊದಲು. ಕೈಯಲ್ಲಿರುವ ಯಂತ್ರದ ಚಿಪ್ಪು, ಪರದೆ, ಆಪರೇಟಿಂಗ್ ಸಿಸ್ಟಂ ಸುಲಭಕ್ಕೆ ಬದಲಾಗವು, ಅವು ಎರಡನೆಯವು. ಹೊರಗಿನ ರಿಸೀವರನ್ನು ಬೇಕೆಂದಾಗ ಬದಲಿಸಬಹುದು. ಇಷ್ಟು ಜರಡಿ ಹಿಡಿದ ಮೇಲೆ ಉಳಿಯುವ ತಂತ್ರಾಂಶಗಳು ಒಂದೋ ಎರಡೋ. ಬಣ್ಣ, ದನಿ, ಬೆಲೆ ನೋಡಿ ಆರಿಸುವ ಸ್ವಾತಂತ್ರ್ಯ ಇರುವುದು ಆ ಒಂದೆರಡರ ನಡುವೆ ಮಾತ್ರ.