ಹಳೇ ಲಾರಿಯ ಟಕಟಕ

ಡೀಸೆಲ್ ಇಂಜಿನ್ನು ಹುಟ್ಟಾ ಗದ್ದಲದ್ದು. ಸಿಲಿಂಡರಿನೊಳಗೆ ಒತ್ತಿ ಕಾಯಿಸಿದ ಗಾಳಿಗೆ ಡೀಸೆಲ್ ಚಿಮ್ಮಿದ ತಕ್ಷಣ ಹೊತ್ತಿಕೊಳ್ಳುವುದಿಲ್ಲ, ರೆಪ್ಪೆ ಬಡಿಯುವುದಕ್ಕಿಂತ ತೀರಾ ಕಡಿಮೆ ಹೊತ್ತು ತಡವಾಗುತ್ತದೆ. ಅಷ್ಟರಲ್ಲಿ ಸೇರಿಕೊಂಡ ಡೀಸೆಲ್ಲೆಲ್ಲ ಒಟ್ಟಿಗೇ ಉರಿದು ಕೊಡುವ ಪೆಟ್ಟೇ ನಮಗೆಲ್ಲ ಗೊತ್ತಿರುವ ಲಾರಿಯ ಕಟಕಟ. ಇಂಜಿನ್ನಿಗೆ ವಯಸ್ಸಾದಂತೆ ಈ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಏಳುತ್ತದೆ. ಆ ಎರಡನೆಯದನ್ನು ಬೇರ್ಪಡಿಸಿ ಕೇಳಿಸಿಕೊಳ್ಳುವುದು ಒಂದು ವಿದ್ಯೆ. ಪುಣೆ–ಬೆಂಗಳೂರು ಹೆದ್ದಾರಿಯ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ಶಿರಾಗಳ ಗ್ಯಾರೇಜುಗಳಲ್ಲಿ ಇಂದಿಗೂ ಅದನ್ನು ಬಲ್ಲ ಮೇಸ್ತ್ರಿಗಳಿದ್ದಾರೆ.

ಅವರಲ್ಲಿ ಹಳಬರ ಕಿವಿ ಪಳಗಿದ್ದು ಬಹುಪಾಲು ಟಾಟಾ ಮತ್ತು ಲೇಲ್ಯಾಂಡ್ ಇಂಜಿನ್ನುಗಳ ಮೇಲೆ. ಟಾಟಾದವರ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಆ ವಂಶದ್ದೇ ಟಾಟಾ 697. ಆರು ಸಿಲಿಂಡರು, 97 ಮಿ.ಮೀ. ಬೋರು. ಬಿಚ್ಚಿ ಜೋಡಿಸಲು ಒಗ್ಗುವ, ಕೇಳುವವರಿಗೆ ತನ್ನ ಒಳಗನ್ನು ಮುಚ್ಚಿಡದ ಇಂಜಿನ್ನು.

ಒಳ್ಳೆಯ ಮೇಸ್ತ್ರಿ ಮೊದಲು ಪಾನ (ಸ್ಪ್ಯಾನರ್) ಎತ್ತಿಕೊಳ್ಳುವುದಿಲ್ಲ, ಡ್ರೈವರನ್ನು ಮಾತಾಡಿಸುತ್ತಾನೆ. ‘ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೇ ಸದ್ದು ಬರುತ್ತೋ ಅಣ್ಣ, ಬಿಸಿಯಾದ ಮೇಲೋ? ಲೋಡಿನಲ್ಲಿ ಜಾಸ್ತಿಯಾಗುತ್ತೋ, ಖಾಲಿ ಗಾಡಿಯಲ್ಲೂ ಇರುತ್ತೋ? ಆಯಿಲ್ ಮೀಟರ್ ಏನು ತೋರಿಸ್ತಿದೆ?’ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿಬಿಡುತ್ತದೆ. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕರಗುವ ಸದ್ದಾದರೆ ಪಿಸ್ಟನ್ ಲೈನರಿಗೆ ಬಡಿಯುತ್ತಿರಬಹುದು. ಅಲ್ಯೂಮಿನಿಯಂ ಪಿಸ್ಟನ್ನು ಎರಕದ ಕಬ್ಬಿಣದ ಲೈನರಿಗಿಂತ ಹೆಚ್ಚು ಹಿಗ್ಗಿ ಸಂದು ತುಂಬಿಕೊಳ್ಳುವುದರಿಂದ ಹಾಗಾಗುತ್ತದೆ. ಅಂಥ ಗಾಡಿ ಇನ್ನೂ ಬಹಳ ದಿನ ಓಡೀತು. ಬಿಸಿಯಾದಂತೆ ಏರುವ ಸದ್ದು ಹಾಗಲ್ಲ. ಆಯಿಲ್ ತೆಳುವಾದಾಗ ಬೇರಿಂಗಿನ ಸವೆತ ಬಾಯಿಬಿಡುತ್ತದೆ.

ಆಮೇಲೆ ಲಯ. ವಾಲ್ವುಗಳನ್ನು ಟ್ಯಾಪೆಟ್ಟುಗಳ ಮೂಲಕ ತೆರೆಯುವ ಕ್ಯಾಮ್‌ಶಾಫ್ಟು ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ನಿಮಿಷಕ್ಕೆ 600 ಸುತ್ತಿನ ಐಡ್ಲಿಂಗಿನಲ್ಲಿ ಕ್ರ್ಯಾಂಕು ಸೆಕೆಂಡಿಗೆ 10 ಸುತ್ತಿದರೆ ಕ್ಯಾಮು 5. ಸಡಿಲವಾದ ಒಂದು ಟ್ಯಾಪೆಟ್ಟು ಆ ಐದರ ಲೆಕ್ಕದಲ್ಲಿ ಸಣ್ಣಗೆ, ಚುರುಕಾಗಿ ಟಿಕ್ ಟಿಕ್ ಎನ್ನುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರೆ ಯಾವ ಸಿಲಿಂಡರಿನದೆಂಬುದೂ ತಿಳಿಯುತ್ತದೆ. ಕವರು ಬಿಚ್ಚಿ, ಫೀಲರ್ ಗೇಜ್ ತೂರಿಸಿ, 0.20ರಿಂದ 0.30 ಮಿ.ಮೀ. ಆಸುಪಾಸಿಗೆ ಸಂದು ಸರಿಪಡಿಸಿದರೆ ಮುಗಿಯಿತು. ಎಕ್ಸಾಸ್ಟ್ ವಾಲ್ವು ಹೆಚ್ಚು ಕಾಯುತ್ತದೆ, ಅದಕ್ಕೆ ತುಸು ಹೆಚ್ಚು ಸಂದು. ಸದ್ದು ಪೂರ್ತಿ ಅಡಗಲಿ ಎಂದು ಮಾಲೀಕ ಒತ್ತಾಯಿಸಿದರೂ ಬಲ್ಲವನು ಬಿಗಿ ಮಾಡುವುದಿಲ್ಲ. ಬಿಗಿಯಾದ ವಾಲ್ವು ತನ್ನ ಸೀಟಿನಲ್ಲಿ ಕೂರದೆ ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್ ಟಿಕ್ ಇರಲೇಬೇಕು.

ಟ್ಯಾಪೆಟ್ಟಿನ ವೇಷ ಹಾಕುವವರೂ ಇದ್ದಾರೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹರಿದರೂ ಹೀಗೇ ಟಿಕ್ ಟಿಕ್. ಹತ್ತಿರ ಹೋಗಿ ನೋಡಿದರೆ ಸಂದಿನಲ್ಲಿ ಕಪ್ಪು ಮಸಿ ಹಿಡಿದಿರುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರು ಸವೆದರೆ ಇಂಜಿನ್ನೇ ಹೊಡೆಯುತ್ತಿದೆ ಎನ್ನಿಸುತ್ತದೆ.

ಹೆಚ್ಚು ಮಂದಿ ಮೋಸ ಹೋಗುವುದು ನಾಜಲ್ಲಿನ ವಿಷಯದಲ್ಲಿ. ಡೀಸೆಲ್ಲನ್ನು ಮಂಜಿನಂತೆ ಚಿಮ್ಮಬೇಕಾದ ನಾಜಲ್ಲು ತೊಟ್ಟಿಕ್ಕತೊಡಗಿದರೆ, ಇಲ್ಲವೇ ಪಂಪಿನ ಟೈಮಿಂಗ್ ಮುಂದಾಗಿದ್ದರೆ, ಬೇರಿಂಗ್ ಹೋದಂತೆಯೇ ಗಡಸಾಗಿ ಬಡಿಯುತ್ತದೆ. ಅದಕ್ಕೊಂದು ಸರಳ ಪರೀಕ್ಷೆಯಿದೆ. ಐಡ್ಲಿಂಗಿನಲ್ಲಿ ಒಂದೊಂದೇ ನಾಜಲ್ಲಿನ ಪೈಪಿನ ನಟ್ಟನ್ನು ಸಡಿಲಿಸುತ್ತ ಹೋಗುವುದು. ಆ ಸಿಲಿಂಡರಿಗೆ ಡೀಸೆಲ್ ತಪ್ಪಿದ ಕೂಡಲೇ ಸದ್ದು ಇಳಿದರೆ ಜಾಗ ಸಿಕ್ಕಿತು. ಆದರೆ ಜಾಗ ಸಿಕ್ಕಿತೆಂದರೆ ಕಾರಣ ಸಿಕ್ಕಿತೆಂದಲ್ಲ. ಹದವಾದ ನಾಜಲ್ಲೊಂದನ್ನು ಅಲ್ಲಿಗೆ ಬದಲಿಸಿ ನೋಡಬೇಕು. ಸದ್ದು ಹೋದರೆ ಕೆಲಸ ಪಂಪು-ನಾಜಲ್ ಅಂಗಡಿಯದು. ಈ ಒಂದು ಹೆಜ್ಜೆ ಬಿಟ್ಟು ನೇರ ಇಂಜಿನ್ ಇಳಿಸಿ ಸಾಲಕ್ಕೆ ಬಿದ್ದ ಒಂಟಿ ಲಾರಿ ಮಾಲೀಕರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಗಾಡಿ ನಿಂತಷ್ಟು ದಿನ ಬಾಡಿಗೆಯಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ನಿಜವಾಗಿ ಭಯಪಡಬೇಕಾದದ್ದು ಬಿಗ್ ಎಂಡ್ ಸದ್ದಿಗೆ. ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿಯುವ ಜಾಗದ ಬೇರಿಂಗ್ ಸವೆದಾಗ ಕೆಳಗಿನಿಂದ ಭಾರವಾದ ಧಡ್ ಧಡ್ ಏಳುತ್ತದೆ. ಅರಬೈಲು, ಶಿರಾಡಿಯಂಥ ಘಾಟಿಯಲ್ಲಿ ಲೋಡ್ ಎಳೆಯುವಾಗ ಅದು ಗಟ್ಟಿಯಾಗುತ್ತದೆ. ನಿಂತ ಗಾಡಿಯಲ್ಲಾದರೆ ಮೇಸ್ತ್ರಿ ಹುಡುಗನಿಗೆ ‘ರೇಸ್ ಕೊಟ್ಟು ಬಿಡೋ’ ಎನ್ನುತ್ತಾನೆ. ಆಕ್ಸಿಲರೇಟರ್ ಬಿಟ್ಟ ಆ ಕ್ಷಣದಲ್ಲಿ ಗಡಗಡವೆಂದರೆ ಅನುಮಾನ ಬಲವಾಯಿತು. ಆಯಿಲನ್ನು ಸ್ವಲ್ಪ ಇಳಿಸಿ ಅಂಗೈಗೆ ಸವರಿ ಬಿಸಿಲಿಗೆ ಹಿಡಿಯುತ್ತಾನೆ. ಬೆಳ್ಳಗಿನ ಮಿನುಗು ಕಂಡರೆ ಬೇರಿಂಗಿನ ಮೇಲ್ಪದರ ಸವೆಯುತ್ತಿರಬಹುದು. ತಾಮ್ರದ ಬಣ್ಣ ಕಂಡರೆ ಆ ಪದರ ಮುಗಿದು ಒಳಗಿನದು ಉದುರುತ್ತಿದೆ. ಆಗ ಮೇಸ್ತ್ರಿ ಹೇಳುವುದು ಒಂದೇ ಮಾತು: ‘ಇನ್ನು ಸೆಲ್ಫ್ ಹೊಡೀಬೇಡ.’

ಆ ಮಾತು ಕೇಳಿದವನು ಉಳಿದುಕೊಳ್ಳುತ್ತಾನೆ. ಸಂಪು ಕಳಚಿ, ಕೆಳಗಿನಿಂದಲೇ ಕ್ಯಾಪು ಬಿಚ್ಚಿದಾಗ ಕ್ರ್ಯಾಂಕಿನ ಮೈ ನುಣುಪಾಗಿದ್ದರೆ ಹೊಸ ಬೇರಿಂಗಿನಲ್ಲಿ ಮುಗಿಯಬಹುದು. ಗೀರು ಬಿದ್ದಿದ್ದರೆ ಇಂಜಿನ್ ಇಳಿಸಿ ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕಳಿಸಿ, 0.25 ಮಿ.ಮೀ. ಕಡಿಮೆ ಅಳತೆಗೆ ಉಜ್ಜಿಸಿ, ಅದಕ್ಕೊಪ್ಪುವ ಬೇರಿಂಗ್ ಹಾಕಬೇಕು. ‘ಊರು ಮುಟ್ಟಿಸಿ ನೋಡೋಣ’ ಎಂದು ಓಡಿಸಿದವನ ರಾಡು ಬ್ಲಾಕನ್ನೇ ಒಡೆದು ಹೊರಬರಬಹುದು. ಈ ಸದ್ದಿಗೆ ದಪ್ಪ ಆಯಿಲ್ ಸುರಿದು, ಬಾಯಿ ಮುಚ್ಚಿಸಿ ಗಾಡಿ ಮಾರುವವರಿದ್ದಾರೆ. ಅದನ್ನು ಜಾಣತನ ಎನ್ನಲು ನಾನು ಒಪ್ಪಲಾರೆ. ಕೊಂಡವನ ದುಡಿಮೆಯನ್ನೇ ಕದ್ದಂತೆ ಅದು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಹೊಗೆ ನಿಯಮದ ಲಾರಿಗಳಲ್ಲಿ ಡೀಸೆಲ್ ಚಿಮ್ಮುವುದನ್ನು ಕಂಪ್ಯೂಟರು ನಿಯಂತ್ರಿಸುತ್ತದೆ. ಮುಖ್ಯ ಚಿಮ್ಮುವಿಕೆಗೆ ಮೊದಲು ಹನಿಯಷ್ಟನ್ನು ಉರಿಸಿ ಪೆಟ್ಟನ್ನು ಮೆದುಗೊಳಿಸುವುದರಿಂದ ಹಳೆಯ ಕಟಕಟವೂ ತಗ್ಗಿದೆ. ಗ್ಯಾರೇಜಿಗೆ ಸ್ಕ್ಯಾನರ್ ಬಂದಿದೆ. ಸೆನ್ಸರಿನ ದೋಷವನ್ನು ಅದು ಚಕ್ಕನೆ ಹೇಳುತ್ತದೆ. ಸವೆಯುತ್ತಿರುವ ಬೇರಿಂಗಿಗೆ ಸೆನ್ಸರಿಲ್ಲ, ಅದನ್ನು ಇನ್ನೂ ಕೇಳಿಯೇ ತಿಳಿಯಬೇಕು.

ಆ ಕೇಳುವ ಕಿವಿಯನ್ನು ನಮ್ಮ ಗ್ಯಾರೇಜುಗಳು ಜೋಪಾನ ಮಾಡುತ್ತಿಲ್ಲ. ಗದ್ದಲದಲ್ಲಿ ದುಡಿದವರಿಗೆ ಮೊದಲು ಮಂಕಾಗುವುದು ಮೇಲಿನ ಸ್ವರಗಳು, ಟ್ಯಾಪೆಟ್ಟಿನ ಟಿಕ್ ಟಿಕ್ ಬರುವ ಜಾಗವೇ ಅದು. ಭಾರದ ಧಡ್ ಧಡ್ ಕೇಳುವ ಹಿರಿಯ ಮೇಸ್ತ್ರಿಗೆ ಸಣ್ಣ ಸದ್ದು ಕೇಳದೆ ಹೋಗಬಹುದು. ಗ್ರೈಂಡರ್ ಹಿಡಿದಾಗ, ಹೊಗೆಕೊಳವೆ ಬಿಚ್ಚಿದ ಇಂಜಿನ್ನಿಗೆ ರೇಸ್ ಕೊಡುವಾಗ ಕಿವಿಗೆ ಮುಚ್ಚಳ ಹಾಕಿಕೊಳ್ಳುವುದನ್ನು ಹುಡುಗರಿಗೆ ಪಾನ ಹಿಡಿಯಲು ಕಲಿಸುವ ದಿನವೇ ಕಲಿಸಬೇಕು. ಐಟಿಐಯ ಡೀಸೆಲ್ ಮೆಕ್ಯಾನಿಕ್ ತರಗತಿಯಲ್ಲೂ, ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲೂ.