ಸೈಕಲ್ ಸವಾರನನ್ನು ಹೊರುವುದು ಗಾಳಿ

ಮೈಸೂರಿನ ಯಾದವಗಿರಿಯ ಏರುತಗ್ಗಿನ ರಸ್ತೆಗಳಲ್ಲಿ ಸೈಕಲ್ ತುಳಿಯುವವರ ಭಾರವೆಲ್ಲ ನೆಲಕ್ಕೆ ಇಳಿಯುವುದು ಎರಡು ಪುಟ್ಟ ಜಾಗಗಳಲ್ಲಿ. ಸವಾರ ಮತ್ತು ಸೈಕಲ್ ಸೇರಿ 90 ಕಿಲೋ ಇದ್ದರೆ, ಅದರಲ್ಲಿ ಸುಮಾರು 54 ಕಿಲೋ ಹಿಂದಿನ ಚಕ್ರದ ಪಾಲು. ಆ ಚಕ್ರದ ಟೈರಿನೊಳಗೆ 40 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 2.8 ಕಿಲೋ ಒತ್ತಡವಿದ್ದರೆ, ನೆಲಕ್ಕೆ ತಾಗುವ ಭಾಗ ಸುಮಾರು 19 ಚದರ ಸೆಂಟಿಮೀಟರ್. ಗಾಳಿ ಅರ್ಧಕ್ಕೆ ಇಳಿದರೆ ಈ ಜಾಗ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಟೈರು ಹೆಚ್ಚು ಮಡಚಿಕೊಳ್ಳುತ್ತದೆ, ನಿಮ್ಮ ತುಳಿತದ ಶಕ್ತಿ ರಬ್ಬರಿನಲ್ಲಿ ಶಾಖವಾಗಿ ಸೋರಿಹೋಗುತ್ತದೆ. ಗಾಳಿ ಕಡಿಮೆಯಿದ್ದಾಗ ಕಾಲು ಬೇಗ ಸೋಲುವುದು ಇದೇ ಕಾರಣಕ್ಕೆ.

ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಸೈಕಲ್ಲಿಗೆ ಬಂದದ್ದು 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ ಅವರಿಂದ.

ಟೈರು ಕೊಳ್ಳುವಾಗ ಮೊದಲು ಹಳೆಯ ಟೈರಿನ ಪಕ್ಕೆಯಲ್ಲಿ ಅಚ್ಚಾದ ಅಳತೆ ಓದಿ. ಉದ್ದ ಹ್ಯಾಂಡಲಿನ ಹಳೆಯ ಕಪ್ಪು ಸೈಕಲ್ಲಿನದು ಸಾಮಾನ್ಯವಾಗಿ 28 × 1½, ಅಂದರೆ 40-635. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ಟೈರು ಕೂರುವ ಕಡೆ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಬರೀ "26 ಇಂಚು" ಎಂದು ಕೇಳಿದರೆ ಮೋಸಹೋಗಬಹುದು. 26 × 1.75 ಟೈರಿಗೆ 559ರ ರಿಮ್ಮು, 26 × 1⅜ ಟೈರಿಗೆ 590ರ ರಿಮ್ಮು. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ.

ಅಗಲವನ್ನು ರಸ್ತೆ ನೋಡಿ ಆರಿಸಿ. ಒಂದೇ ಒತ್ತಡದಲ್ಲಿ ಅಗಲ ಟೈರು ಕಡಿಮೆ ಮಡಚುವುದರಿಂದ ಹೆಚ್ಚು ಹಗುರಾಗಿ ಉರುಳುತ್ತದೆ. ಗುಂಡಿ, ಹಂಪುಗಳ ಪೆಟ್ಟನ್ನೂ ತಾನೇ ನುಂಗುತ್ತದೆ. ಡಾಂಬರು ರಸ್ತೆಗೆ ದಪ್ಪ ಗುಬುಟಿನ ಟೈರು ಬೇಕಿಲ್ಲ. ಮಳೆಯಲ್ಲಿ ನುಣುಪು ಟೈರು ನೀರಿನ ಮೇಲೆ ತೇಲಿಬಿಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. 40 ಪಿಎಸ್‌ಐ ಒತ್ತಡದಲ್ಲಿ ಹಾಗಾಗಲು ವೇಗ ಗಂಟೆಗೆ ಸುಮಾರು 100 ಕಿ.ಮೀ. ದಾಟಬೇಕು. ಗುಬುಟು ಬೇಕಾಗುವುದು ಕೆಸರು, ಮಣ್ಣುದಾರಿಗಳಲ್ಲಿ.

ಇನ್ನು ನಿಗಾ. ರಬ್ಬರಿನ ಅಣುಗಳ ಸಂದಿಯಿಂದ ಗಾಳಿ ಸದಾ ನುಸುಳುತ್ತಿರುತ್ತದೆ. ಪಂಕ್ಚರ್ ಇಲ್ಲದಿದ್ದರೂ ವಾರಕ್ಕೊಮ್ಮೆ ಗಾಳಿ ನೋಡಲೇಬೇಕು. ಪಕ್ಕೆಯ ಮೇಲೆ ಬರೆದ ಮಿತಿಯನ್ನು ಮೀರಬೇಡಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಕಂಡರೆ ತಪ್ಪು ಮುಳ್ಳಿನದಲ್ಲ. ಗಾಳಿ ಕಡಿಮೆಯಿದ್ದು ಟ್ಯೂಬು ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿಕೊಂಡಿದೆ. ಪಕ್ಕೆ ಬಿರಿದರೆ ಅಥವಾ ಒಳಗಿನ ದಾರ ಕಂಡರೆ ಟೈರು ಬದಲಿಸಿ.

ಟೈರಿನಂತೆ ಚೈನಿಗೂ ನಿಗಾ ಬೇಕು. ಚೈನು ಉದ್ದವಾಗುವುದು ಲೋಹ ಹಿಗ್ಗಿದ್ದರಿಂದಲ್ಲ, ಪಿನ್ನುಗಳ ಸುತ್ತ ಸವೆದಿದ್ದರಿಂದ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಅದರ ನಂತರದ 24ನೇ ಪಿನ್ನಿಗೆ ಸರಿಯಾಗಿ 12 ಇಂಚು. ಅದು 1/16 ಇಂಚು ಹೆಚ್ಚಾಗಿದ್ದರೆ ಚೈನು ಬದಲಿಸಿ, ತಡಮಾಡಿದರೆ ಫ್ರೀವೀಲಿನ ಹಲ್ಲುಗಳೂ ಸವೆಯುತ್ತವೆ. ಎಣ್ಣೆ ಬೇಕಾದದ್ದು ಚೈನಿನ ಒಳಗೆ. ಮೊದಲು ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೆ ಒಂದು ಹನಿ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿ. ಹೊರಗಿನ ಎಣ್ಣೆಗೆ ಧೂಳು ಅಂಟಿದರೆ ಅದೇ ಉಕ್ಕನ್ನು ಅರೆಯುತ್ತದೆ. ಬ್ರೇಕ್ ರಬ್ಬರಿಗೆ, ರಿಮ್ಮಿಗೆ ಎಣ್ಣೆ ಸೋಕಬಾರದು. ಮಳೆಯಲ್ಲಿ ರಿಮ್ಮು ಒದ್ದೆಯಾಗಿ ಬ್ರೇಕು ತಡವಾಗಿ ಹಿಡಿಯುವುದರಿಂದ ಇಳಿಜಾರಿನಲ್ಲಿ ಮುಂಚೆಯೇ ಮೆಲ್ಲಗೆ ಒತ್ತಿ.

2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ಸೇವೆ ಆರಂಭಿಸಿದ ನಗರ ಮೈಸೂರು. ಬಾಡಿಗೆಯ ಸೈಕಲ್ಲಾಗಲಿ, ಮನೆಯದಾಗಲಿ, ಹೊರಡುವ ಮುನ್ನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ, ಎರಡೂ ಬ್ರೇಕು ಹಿಡಿದು, ಚೈನಿನ ಕಡೆ ಕಣ್ಣುಹಾಯಿಸಿ. ಇದಕ್ಕೆ ಒಂದು ನಿಮಿಷವೂ ಬೇಡ. ಮಕ್ಕಳಿಗೂ ಇದನ್ನು ಕಲಿಸಿ.