ಭಾರದ ಹಲಗೆಯೂ ಮಳೆಗಾಲದ ಉಬ್ಬೂ

ಆಟಿ ತಿಂಗಳ ಮಳೆಯಲ್ಲಿ ಕಪಾಟಿನ ಬಾಗಿಲು ಚೌಕಟ್ಟಿಗೆ ಬಿಗಿದುಕೊಳ್ಳುವುದು ಕಾಸರಗೋಡಿನ ಮನೆಗಳಿಗೆ ಹೊಸತಲ್ಲ. ಹಿಂದೆ ಹಲಸಿನ ಹಲಗೆಯಲ್ಲಿ ಕಂಡುದನ್ನು ಈಗ ರಬ್ಬರ್ ಮರದ ಪಟ್ಟಿಗಳನ್ನು ಅಂಟಿನಿಂದ ಜೋಡಿಸಿದ ಹಲಗೆಯಲ್ಲಿಯೂ ಪದರುಪದರಾದ ಪ್ಲೈವುಡ್‌ನಲ್ಲಿಯೂ ಕಾಣುತ್ತೇವೆ. ಮಕ್ಕಳ ಓದುಮೇಜಿಗೆ ಹಲಗೆ ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ, ಭಾರವಾದುದೇ ಒಳ್ಳೆಯದೆಂದು ಹೆಚ್ಚು ಹಣ ತೆರುವುದು ವಾಡಿಕೆ. ಈ ನಂಬಿಕೆ ಅರ್ಧ ಮಾತ್ರ ಸರಿ.

ಮರವೆಂದರೆ ಸೂಕ್ಷ್ಮ ಕೊಳವೆಗಳ ಕಟ್ಟು. ಆ ಕೊಳವೆಗಳ ಗೋಡೆಯ ಸಾಂದ್ರತೆ ಎಲ್ಲ ಮರಗಳಲ್ಲಿಯೂ ಹೆಚ್ಚುಕಡಿಮೆ ಒಂದೇ: ಘನ ಮೀಟರಿಗೆ ಸುಮಾರು 1500 ಕಿಲೋ. ರಬ್ಬರ್ ಮರದ ಸಾಂದ್ರತೆ 600ರ ಆಸುಪಾಸು. ಅಂದರೆ ಅದರ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಟೊಳ್ಳು. ತೇವ ಹೀರಿ ಉಬ್ಬುವುದು ಗೋಡೆಯೇ ಹೊರತು ಟೊಳ್ಳಲ್ಲ. ಆದ್ದರಿಂದ ಭಾರ ಹೆಚ್ಚಿದಷ್ಟೂ ಹಲಗೆ ಗಟ್ಟಿ. ಸಾಮಾನ್ಯವಾಗಿ ಉಬ್ಬೂ ಅಷ್ಟೇ ಹೆಚ್ಚು. ತೇಗ ಇದಕ್ಕೆ ಅಪವಾದ. ಅದರೊಳಗಿನ ಎಣ್ಣೆಯಂತಹ ಪದಾರ್ಥಗಳು ನೀರನ್ನು ತಡೆಯುತ್ತವೆ. ಬೆಲೆಯೂ ಅದಕ್ಕೆ ತಕ್ಕಂತಿದೆ.

ಉಬ್ಬು ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹೆಚ್ಚು. ಪ್ಲೈವುಡ್‌ನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದರದು ಅಡ್ಡಕ್ಕೆ. ಅವು ಒಂದನ್ನೊಂದು ಹಿಡಿದಿಡುವುದರಿಂದ ಅಗಲ ಅಷ್ಟಾಗಿ ಬೆಳೆಯದು. ದಪ್ಪವನ್ನು ಹಾಗೆ ಹಿಡಿದಿಡುವುದು ಏನೂ ಇಲ್ಲ. ಪಟ್ಟಿಗಳ ಎಳೆಯೆಲ್ಲ ಒಂದೇ ದಿಕ್ಕಿಗಿರುವ ಜೋಡಣೆಯ ಹಲಗೆಯಲ್ಲಾದರೋ ಅಗಲವೂ ಬೆಳೆಯುತ್ತದೆ.

ಬಿಸಿ ಯಂತ್ರದಲ್ಲಿ ಬಲವಾಗಿ ಒತ್ತಿ ಭಾರ ಬರಿಸಿದ ಹಲಗೆಯದು ಬೇರೆಯೇ ಕಥೆ. ಒಳಗೆ ರಾಳ ಇಳಿಸದಿದ್ದರೆ, ಚಪ್ಪಟೆಯಾದ ಕೊಳವೆಗಳು ತೇವ ತಗಲಿದೊಡನೆ ಹಳೆಯ ಆಕಾರಕ್ಕೆ ಮರಳಲು ಹವಣಿಸುತ್ತವೆ. ಒಣಗಿದ ಮೇಲೂ ಆ ದಪ್ಪ ಪೂರ್ತಿ ಇಳಿಯದು.

ಇದನ್ನು ಮಕ್ಕಳೇ ಪರೀಕ್ಷಿಸಬಹುದು. ಆಚಾರಿಯಿಂದ 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 18 ಮಿ.ಮೀ. ದಪ್ಪದ ತುಂಡೊಂದನ್ನು ಕೇಳಿ ತನ್ನಿ. ಅದು 54 ಗ್ರಾಂ ತೂಗಿದರೆ ಸಾಂದ್ರತೆ ಘನ ಮೀಟರಿಗೆ 600 ಕಿಲೋ. 24 ಗಂಟೆ ನೀರಿನಲ್ಲಿ ಮುಳುಗಿಸಿ ದಪ್ಪ ಅಳೆಯಲಿ, 19 ಮಿ.ಮೀ. ಆದರೆ ಉಬ್ಬು ಶೇ. 5.5ರಷ್ಟು. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಅಳೆಯಲಿ. ಪದರ ಬಿಟ್ಟುಕೊಂಡಿದ್ದರೆ ದೋಷ ಅಂಟಿನದು: ಯೂರಿಯಾ ಅಂಟು ನೀರಿಗೆ ಸೋಲುತ್ತದೆ, ಫೀನಾಲ್ ಅಂಟು ತಾಳುತ್ತದೆ. ಅಂಗಡಿಯಲ್ಲಿ ಮೊದಲು ಕೇಳಬೇಕಾದುದು ಇದನ್ನೇ. ಹಲಗೆ ಕೊಯ್ದ ಮೇಲೆ ಅಂಚುಗಳಿಗೂ ಬಣ್ಣ ಬಳಿಯುವಂತೆ ಆಚಾರಿಗೆ ಹೇಳಿರಿ. ನೀರು ನುಗ್ಗುವುದು ಹೆಚ್ಚಾಗಿ ಅಲ್ಲಿಂದಲೇ.